ಸವಳು ನೀರಿನಲ್ಲಿ ತೊಳೆದ ಹಕ್ಕಿ

ನಮ್ಮೂರಿನಲ್ಲಿ ಗಂಡನ್ನು ಆರಿಸುವುದು ಹೆಣ್ಣಲ್ಲ, ಹೆಣ್ಣಿನ ಹಕ್ಕಿ. ಕೂಸು ಹುಟ್ಟಿದ ಮನೆಗೆ ಒಂದು ರಾಟವಾಳ ಹಕ್ಕಿ ತಾನಾಗಿಯೇ ಬಂದು ಕಿಟಕಿಯ ಸರಳಿನ ಮೇಲೆ ಕೂರುತ್ತದೆ. ಹೆಣ್ಣು ಕೂಸಿಗೆ ಹೆಣ್ಣು ಹಕ್ಕಿ, ಗಂಡು ಕೂಸಿಗೆ ಗಂಡು ಹಕ್ಕಿ. ಗುಬ್ಬಿಗಿಂತ ಚಿಕ್ಕದು. ಮೈ ಹಸಿರು, ಎದೆ ನೇರಳೆ, ತಲೆ ಮಾತ್ರ ಕೆಲವಕ್ಕೆ ಕೆಂಪು, ಕೆಲವಕ್ಕೆ ಕಪ್ಪು. ಅದಕ್ಕೊಂದು ಪಂಜರ ಮಾಡಿಸಿ, ನವಣೆ ಹಾಕಿ ಸಾಕುತ್ತೇವೆ. ಹುಡುಗಿ ದೊಡ್ಡವಳಾದ ಮೇಲೆ ಅವಳ ಹಕ್ಕಿಯನ್ನು ಊರ ಗಂಡುಹಕ್ಕಿಗಳಿರುವ ದೊಡ್ಡ ಪಂಜರದೊಳಗೆ ಬಿಡುತ್ತಾರೆ. ಅದು ಯಾವುದರ ಪಕ್ಕ ಹೋಗಿ ಕೂರುತ್ತದೋ ಆ ಹಕ್ಕಿಯ ಮನೆಗೆ ಹುಡುಗಿ ಸೊಸೆಯಾಗುತ್ತಾಳೆ. ಕಪ್ಪು ಕಪ್ಪಿನ ಪಕ್ಕ ಕೂತರೆ, ಕೆಂಪು ಕೆಂಪಿನ ಪಕ್ಕ ಕೂತರೆ ಎಲ್ಲರಿಗೂ ಸಮಾಧಾನ. ಕೆಂಪು ಕಪ್ಪು ಕೂಡಿದರೆ ಅದು ಬೆರಕೆ ಮನೆ. ಬೆರಕೆ ಮನೆಯಲ್ಲಿ ಗಂಡು ಉಳಿಯುತ್ತವೆ, ಹೆಣ್ಣು ಉಳಿಯುವುದಿಲ್ಲ. ಪಂಜರದ ಗೂಡಿನಲ್ಲೂ ಇಲ್ಲ, ತೊಟ್ಟಿಲಿನಲ್ಲೂ ಇಲ್ಲ. ಅಂಥ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಅದನ್ನು ತೊಟ್ಟಿಲಿಗೆ ಹಾಕುವುದಿಲ್ಲ, ಮೊರದಲ್ಲಿ ಮಲಗಿಸುತ್ತಾರೆ. ಹೇಗೂ ಹೋಗುವ ಜೀವಕ್ಕೆ ತಾಯಿ ಮೈ ಸವೆಸಬಾರದು ಎಂದು ಬೆಲ್ಲದ ನೀರಿನಲ್ಲಿ ಅರಿವೆಯ ಬತ್ತಿ ಅದ್ದಿ ಬಾಯಿಗಿಡುತ್ತಾರೆ. ಇದರಲ್ಲಿ ಕ್ರೂರವಾದದ್ದೇನೂ ನಮಗೆ ಕಂಡಿರಲಿಲ್ಲ. ಮಳೆ ಬರುವಾಗ ಒಣಹಾಕಿದ್ದನ್ನು ಒಳಗೆ ತಂದುಕೊಂಡ ಹಾಗೆ, ಅಷ್ಟೇ.

ನಮ್ಮದು ಪಂಜರ ಹೆಣೆಯುವ ಮನೆ. ಅಪ್ಪ ಹೋದ ಮೇಲೆ ಅಣ್ಣ ಇರಪಾಕ್ಷಿ ಬಿದಿರು ಸೀಳುತ್ತಿದ್ದ, ನಾನು ಕಡ್ಡಿ ಹೆರೆಯುತ್ತಿದ್ದೆ, ಅವ್ವ ಕೂತಲ್ಲಿಂದಲೇ ಇಬ್ಬರ ತಪ್ಪನ್ನೂ ಹುಡುಕುತ್ತಿದ್ದಳು. ನನ್ನ ಮದುವೆಯ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನನ್ನ ಹಕ್ಕಿಯನ್ನು ದೊಡ್ಡ ಪಂಜರಕ್ಕೆ ಬಿಟ್ಟಾಗ ಅದು ಯಾವ ಗಂಡಿನ ಕಡೆಗೂ ಕತ್ತು ಹೊರಳಿಸದೆ ನೇರವಾಗಿ ಕಾಳಿನ ಬಟ್ಟಲಿಗೆ ಹೋಗಿ, ಹೊಟ್ಟೆ ತುಂಬ ತಿಂದು, ಅಲ್ಲೇ ನಿದ್ದೆ ಹೋಯಿತು. ಊರು ನಕ್ಕಿತು. ನನಗೆ ಅದರ ತೀರ್ಮಾನ ಅಂದೂ ಮೆಚ್ಚುಗೆಯಾಗಿತ್ತು, ಇಂದೂ ಹಾಗೆಯೇ.

ಅಣ್ಣನ ಹೆಂಡತಿ, ನನ್ನ ವೈನಿ ತುಳಸವ್ವನ ಹಕ್ಕಿ ಹಾಗಲ್ಲ. ಅದರದ್ದು ಕಾಡಿಗೆಯಂಥ ಕಪ್ಪು ತಲೆ. ಬಿಟ್ಟ ಕೂಡಲೇ ಹಾರಿಹೋಗಿ ನಮ್ಮ ಅಣ್ಣನ ಕರಿತಲೆಯ ಹಕ್ಕಿಯ ಮಗ್ಗುಲಿಗೆ ಕೂತು ಕೊಕ್ಕಿಗೆ ಕೊಕ್ಕು ತಾಗಿಸಿತು. ಅದಕ್ಕೂ ಮುಂಚೆ ಹಿರಿಯರು ಪದ್ಧತಿಯಂತೆ ಪ್ರತಿ ಹಕ್ಕಿಯ ತಲೆಯನ್ನೂ ಒದ್ದೆಯ ಬಿಳಿ ಅರಿವೆಯಿಂದ ಒರೆಸಿ ನೋಡಿದ್ದರು. ಬೇಕಾದ ಹೆಣ್ಣಿಗಾಗಿ ಹಕ್ಕಿಯ ತಲೆಗೆ ಬಣ್ಣ ಹಚ್ಚುವವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಅಣ್ಣನ ಹಕ್ಕಿಯನ್ನು ಒರೆಸಿದ ಅರಿವೆ ಬೆಳ್ಳಗೇ ಉಳಿಯಿತು. ಮದುವೆಯಾಯಿತು. ಇಬ್ಬರ ಹಕ್ಕಿಗಳನ್ನೂ ಒಂದೇ ಪಂಜರಕ್ಕೆ ಬಿಟ್ಟೆವು. ವೈನಿ ತಾಯಿಯಿಲ್ಲದ ಹುಡುಗಿ, ಮಾತು ಕಡಿಮೆ, ನಗು ಜಾಸ್ತಿ. ಅಣ್ಣನಂತೂ ಬಿದಿರು ಸೀಳುತ್ತ ಹಾಡಿಕೊಳ್ಳಲು ಶುರು ಮಾಡಿದ. ಅವನ ದನಿ ಚೆನ್ನಾಗಿರಲಿಲ್ಲ. ಆದರೂ ಸಹಿಸಿಕೊಂಡೆವು, ಮನೆಯಲ್ಲಿ ಅಷ್ಟು ಸಂತೋಷವಿತ್ತು.

ಮೊದಲ ಹೆರಿಗೆಯಲ್ಲಿ ಹೆಣ್ಣಾಯಿತು. ಕೂಸು ಸಣಕಲಾಗಿತ್ತು. ಮೊಲೆ ಹಿಡಿದು ಎರಡು ಸಲ ಚೀಪಿ ದಣಿದು ನಿದ್ದೆ ಹೋಗುತ್ತಿತ್ತು. ವೈನಿಗೆ ಅದೇ ಚಿಂತೆ. ಎಬ್ಬಿಸುವುದು, ಅಂಗಾಲು ತಿಕ್ಕುವುದು, ಮತ್ತೆ ಎದೆಗಿಟ್ಟುಕೊಳ್ಳುವುದು. ಹಾಗೇ ಬಿಟ್ಟಿದ್ದರೆ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿತ್ತೋ ಏನೋ. ಅಷ್ಟರಲ್ಲಿ ಬಾಣಂತನಕ್ಕೆಂದು ವೈನಿಯ ಚಿಗವ್ವ ಗುರುಬಸವ್ವ ಬಂದಳು. ಸತ್ತ ಅಕ್ಕನ ಮಗಳೆಂದರೆ ಅವಳಿಗೆ ಪ್ರಾಣ. ಕೆಟ್ಟ ಹೆಂಗಸಲ್ಲ ಎಂಬುದನ್ನು ನಾನು ಹೇಳಲೇಬೇಕು, ಯಾಕೆಂದರೆ ಆಮೇಲಿನದು ಕೇಳಿದವರು ಅವಳನ್ನೇ ಬೈಯುತ್ತಾರೆ. ಕೂಸನ್ನು ಎತ್ತಿ ತೂಗಿ ನೋಡಿದಳು, ಆಮೇಲೆ ಪಂಜರದ ಮುಂದೆ ನಿಂತು ಬಹಳ ಹೊತ್ತು ಅಣ್ಣನ ಹಕ್ಕಿಯನ್ನು ದಿಟ್ಟಿಸಿದಳು.

"ತುಳಸಿ, ಕಪ್ಪಿಗೆ ಕಪ್ಪು ಕೂಡಿದ ಮನ್ಯಾಗ ಕೂಸು ಹಿಂಗ ಇರೂದಿಲ್ಲವ್ವ" ಎಂದಳು. "ಈ ಹಕ್ಕಿ ಖರೇನ ಕರೀದೋ, ಮಾಡಿದ್ದೋ?"

"ಹಿರಿಯಾರು ಒರಸಿ ನೋಡ್ಯಾರಲ್ಲ ಚಿಗವ್ವ" ಎಂದಳು ವೈನಿ.

"ಒದ್ದಿ ಅರಿವಿಗೆ ಹೋಗೂದು ಕಾಡಿಗಿ. ಈಗಿನವ್ರು ಅಳಲೆಕಾಯಿ ಕುದಿಸಿದ ಬಣ್ಣ ಹಚ್ಚತಾರ, ಅದು ಬರೇ ನೀರಿಗೆ ಜಪ್ಪಂದ್ರೂ ಬಿಡೂದಿಲ್ಲ. ಅದೂ ಪಂಜರದವ್ರ ಮನಿ. ಹಗಲೂ ರಾತ್ರಿ ಹಕ್ಕಿ ಕೂಡನ ಇರತಾರ, ಅವ್ರಿಗೆ ಗೊತ್ತಿರದ ಕಸಬ ಐತೇನು?"

ನಾನು ಕಡ್ಡಿ ಹೆರೆಯುವ ಚೂರಿ ಕೆಳಗಿಟ್ಟು, "ಏನಂತೀಬೇ, ನಮ್ಮಣ್ಣ ಮೋಸಗಾರ ಅಂತೀ ಏನು?" ಎಂದೆ.

"ನಾ ಅನ್ನೂದ್ಯಾಕ? ತೊಳದ್ರ ಹಕ್ಕೀನ ಹೇಳತೈತಿ" ಎಂದಳು ಅವಳು.

ಅಣ್ಣ ಪಂಜರ ಮಾರಲು ಹೋಗಿದ್ದ. ಅವನು ಬಂದ ಮೇಲೆ ನೋಡೋಣ ಎಂದು ನಾನೆಂದೆ, ಅವ್ವನೂ ಅಂದಳು. ಆದರೆ ವೈನಿಯ ಮುಖ ಆಗಲೇ ಇಳಿದುಹೋಗಿತ್ತು. ಮೊಲೆ ಬಿಟ್ಟು ಮಲಗಿದ ಕೂಸನ್ನು ನೋಡಿದಳು, ಪಂಜರವನ್ನು ನೋಡಿದಳು, "ತೊಳದ ಬಿಡ್ರಿ, ಒಮ್ಮೆ ಸಮಾಧಾನ ಆಗ್ಲಿ" ಎಂದಳು. ಗುರುಬಸವ್ವ ಬಟ್ಟೆಯ ಕೊಳೆ ತೆಗೆಯುವ ಸವಳು ಮಣ್ಣನ್ನು ಸುಣ್ಣದ ಜೊತೆ ಕದಡಿ, ತಿಳಿ ಬಸಿದು, ಹಿತ್ತಲಲ್ಲಿ ಕೂತಳು. ಹಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣಿಗೆ ಹೋಗದ ಹಾಗೆ ಬೆರಳಿನಿಂದ ತಲೆಯನ್ನಷ್ಟೇ ಮೆಲ್ಲಗೆ ತಿಕ್ಕಿದಳು. ನಾನು ಕಣ್ಣಾರೆ ನೋಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಪ್ಪು ಮಾಸಲಾಯಿತು. ಮಾಸಲು ಕಂದಾಯಿತು. ಬಿಸಿಲಿಗೆ ಹಿಡಿದಾಗ ತಲೆಯ ತುಂಬ ಕೆಂಪು ನಿಂತಿತ್ತು. ಬಾಗಿಲಿಗೆ ಒರಗಿ ನೋಡುತ್ತಿದ್ದ ವೈನಿ ಒಳಗೆ ಹೋಗಿ ಕೂಸಿನ ಪಕ್ಕ ಕೂತಳು. ಗುರುಬಸವ್ವ ತಾನು ಗೆದ್ದೆ ಎಂದು ಹಿಗ್ಗಲಿಲ್ಲ. ಹಕ್ಕಿಯನ್ನು ಸೆರಗಿನಿಂದ ಒರೆಸುತ್ತ ಗೋಳೋ ಎಂದು ಅತ್ತಳು.

ಸಂಜೆ ಅಣ್ಣ ಬಂದ. ಅಂಗಳದಲ್ಲಿ ನೆರೆಯವರು ಸೇರಿದ್ದರು. ಅವನಿಗೆ ಏನು ನಡೆದಿದೆ ಎಂಬುದೇ ಮೊದಲು ಹೊಳೆಯಲಿಲ್ಲ. ಪಂಜರ ತೋರಿಸಿದರು. ಅವನು ಹಕ್ಕಿಯನ್ನು ನೋಡಿದ, ನಮ್ಮನ್ನೆಲ್ಲ ನೋಡಿದ.

"ನಾ ಹಚ್ಚಿಲ್ಲ" ಎಂದ. "ಯವ್ವಾ, ನಿನ್ನ ಮುಂದನ ಬೆಳದ ಹಕ್ಕಿ. ಹೇಳಬೇ."

ಅವ್ವ ಪಂಜರದ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳಿಗೆ ಆ ಹಕ್ಕಿ ಬಂದ ದಿನದಿಂದ ಗೊತ್ತು. ಆದರೆ ಕೆಂಪು ತಲೆ ಕಣ್ಣೆದುರಿಗಿದೆ. ಕೊನೆಗೆ, "ಮದುವಿ ಮುಂದ ಹಗಲೆಲ್ಲ ಪಂಜರ ಹಿಡಕೊಂಡು ಕುಂಡ್ರತಿದ್ದಿ, ಏನ ಮಾಡಿದ್ಯೋ ನನಗೇನ ಗೊತ್ತಪ್ಪ" ಎಂದುಬಿಟ್ಟಳು. ಹೆತ್ತವಳೇ ಹಾಗೆಂದ ಮೇಲೆ ಊರಿಗೆ ಇನ್ನೇನು ಬೇಕು? ಅಂದಿನಿಂದ ಅಣ್ಣನ ಹೆಸರು ಬಣ್ಣದ ಇರಪಾಕ್ಷಿ ಎಂದಾಯಿತು.

ಇಷ್ಟೂ ಸಾಲದೆಂಬಂತೆ ಪಂಜರದೊಳಗೂ ಅದೇ ಆಯಿತು. ಗೂಡಿನಲ್ಲಿ ಆಗ ಮರಿಗಳಿದ್ದವು. ಅಣ್ಣನ ಹಕ್ಕಿಯನ್ನು ಮರಳಿ ಒಳಗೆ ಬಿಟ್ಟಾಗ ವೈನಿಯ ಹಕ್ಕಿ ಅದರ ಕೆಂಪು ತಲೆಯನ್ನು ನೋಡಿ ಹಿಂದಕ್ಕೆ ಸರಿಯಿತು. ಇಷ್ಟು ದಿನ ಕೊಕ್ಕಿಗೆ ಕೊಕ್ಕು ಕೊಟ್ಟು ಕೂತದ್ದು ಈಗ ಪಂಜರದ ಆಚೆ ತುದಿಗೆ ಹೋಗಿ ಬೆನ್ನು ತಿರುಗಿಸಿತು. ಮರಿಗಳು ಬಾಯಿ ತೆರೆದರೆ ಗಂಡುಮರಿಗಳಿಗೆ ಅಷ್ಟಿಷ್ಟು ಗುಟುಕು ಕೊಟ್ಟು, ಹೆಣ್ಣುಮರಿಗಳ ಮೇಲೆ ಕಾಲಿಟ್ಟು ದಾಟಿಹೋಗುತ್ತಿತ್ತು. ಹೆಣ್ಣುಮರಿಗಳು ಒಂದೊಂದಾಗಿ ಒಣಗಿ ಸತ್ತವು. ಗುರುಬಸವ್ವ ಸತ್ತ ಮರಿಗಳನ್ನು ಅಂಗೈಯಲ್ಲಿಟ್ಟು ತಂದು ವೈನಿಗೆ ತೋರಿಸಿದಳು. "ನೋಡವ್ವ, ಹಕ್ಕಿಗೂ ತಿಳೀತು" ಎಂದಳು. ವೈನಿ ಎದ್ದು, ಕೂಸನ್ನು ತೊಟ್ಟಿಲಿನಿಂದ ತೆಗೆದು ಮೊರದಲ್ಲಿ ಮಲಗಿಸಿದಳು.

ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಕಟ್ಟಿ ಬಿಗಿಯಾಗಿ ಅರಿವೆ ಸುತ್ತಿದರು. ಬತ್ತಲಿಲ್ಲ. ಕೂಸು ಅತ್ತಾಗಲೆಲ್ಲ ಅರಿವೆ ಒದ್ದೆಯಾಗುತ್ತಿತ್ತು, ಮಲ್ಲಿಗೆ ಕೊಳೆತ ವಾಸನೆ ಮನೆಯೆಲ್ಲ ಹಬ್ಬಿತ್ತು. ಅಣ್ಣ ಅವಳ ಮುಂದೆ ಮಂಡಿಯೂರಿ ಕೂತು ಬೇಡಿಕೊಂಡ. "ತುಳಸಾ, ನಾ ಮೋಸ ಮಾಡೀನಿ ಅಂತ ಇಟ್ಕೊ. ಅದರದೇನ ತಪ್ಪೈತಿ? ಒಂದ ಸಲ ಎತ್ಕೊ."

"ಎತ್ಕೊಂಡ್ರ ಬಿಡಾಕ ಆಗೂದಿಲ್ಲ" ಎಂದಳು ವೈನಿ. "ಇಂದು ಕುಡಿಸಿ ನಾಳೆ ಮಣ್ಣಿಗೆ ಹ್ಯಾಂಗ ಕೊಡ್ಲಿ? ನೀವು ಗಂಡಸರು. ನಿಮಗೆ ತಿಳಿಯೂದಿಲ್ಲ."

ಅವಳು ಗೋಡೆಗೆ ಮುಖ ಮಾಡಿ ಮಲಗಿ, ಕಿವಿಯ ಮೇಲೆ ದಿಂಬು ಇಟ್ಟುಕೊಳ್ಳುತ್ತಿದ್ದಳು. ಮಗುವಿನ ಮೇಲೆ ಪ್ರೀತಿಯಿಲ್ಲದವಳು ಹಾಗೆ ಕಿವಿ ಮುಚ್ಚಿಕೊಳ್ಳುವುದಿಲ್ಲ. ಅಣ್ಣ ಆಡಿನ ಹಾಲು ತಂದು ಬತ್ತಿಯಲ್ಲಿ ಕುಡಿಸಲು ನೋಡಿದ. ಅಷ್ಟು ಸಣ್ಣ ಕೂಸಿಗೆ ಅದು ಒಗ್ಗಲಿಲ್ಲ, ಕುಡಿದದ್ದೆಲ್ಲ ಕಕ್ಕಿತು. ನಾನು ಮೊರದ ಪಕ್ಕ ಕೂತು ಬೆಲ್ಲದ ನೀರಿನ ಬತ್ತಿ ಇಟ್ಟೆ. ನಾನೇನು ಬೇರೆ ಊರಿನವಳಲ್ಲ, ಅದು ಉಳಿಯುವುದಿಲ್ಲ ಎಂದೇ ನಂಬಿದ್ದೆ. ಅದರ ತುಟಿ ಬತ್ತಿಯನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ, ಎಳೆದರೂ ಬಿಡಲಿಲ್ಲ. ಚೀಪಲು ಬಾರದ ಕೂಸು ಅನ್ನುತ್ತಿದ್ದೆವಲ್ಲ, ಅದೇ ಕೂಸು. ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಅದು ಸುಮ್ಮನಾಯಿತು. ಅಣ್ಣನೇ ಎತ್ತಿಕೊಂಡು ಹೋದ. ಜೊತೆಗೆ ಯಾರೂ ಹೋಗಲಿಲ್ಲ, ಬೆರಕೆ ಮನೆಯ ಹೆಣ್ಣು ಕೂಸಿನ ಮಣ್ಣಿಗೆ ಹೋಗುವ ರೂಢಿಯಿಲ್ಲ.

ಗುರುಬಸವ್ವ ತನ್ನ ಮನೆಗೆ ಹೋದಳು. ಊರಿನವರು ನಮ್ಮ ಪಂಜರಗಳನ್ನು ಕೊಳ್ಳುವುದು ಬಿಡಲಿಲ್ಲ, ಬೇರೆ ಮಾಡುವವರು ಯಾರಿದ್ದರು? ಆದರೆ ಅಣ್ಣನನ್ನು ಹೊಸ್ತಿಲಾಚೆಗೇ ನಿಲ್ಲಿಸಿ, ತಮ್ಮ ಹಕ್ಕಿಯನ್ನು ಒಳಗಿಟ್ಟು ಬಂದು ಮಾತಾಡುತ್ತಿದ್ದರು. ಅವನು ಅದನ್ನೂ ಹೊಟ್ಟೆಗೆ ಹಾಕಿಕೊಂಡ. ಹಾಡುವುದು ಮಾತ್ರ ನಿಂತುಹೋಯಿತು. ಅವನ ಕೆಟ್ಟ ದನಿ ನೆನೆದು ನನಗೆ ಅಳು ಬರುತ್ತಿತ್ತು.

ಆಮೇಲೆ ಹಕ್ಕಿಗಳ ಪುಕ್ಕ ಉದುರುವ ಕಾಲ ಬಂತು. ವೈನಿ ಪಂಜರದ ಕಡೆ ಸುಳಿಯುತ್ತಲೇ ಇರಲಿಲ್ಲವಾದ್ದರಿಂದ ಅಣ್ಣ ಅದನ್ನು ತನ್ನ ಕೆಲಸದ ಕೊಟ್ಟಿಗೆಯಲ್ಲಿ ನೇತುಹಾಕಿದ್ದ. ಒಂದು ಬೆಳಿಗ್ಗೆ ನನ್ನನ್ನು ಕೂಗಿದ. ಅವನ ಹಕ್ಕಿಯ ತಲೆಯ ಕೆಂಪು ಪುಕ್ಕಗಳು ಉದುರಿ, ಬುಡದಿಂದ ಹೊಸವು ಬರುತ್ತಿದ್ದವು. ಬಂದದ್ದೆಲ್ಲ ಕಪ್ಪು. ಅಪ್ಪಟ ಕಪ್ಪು. ನಾನು ಅಣ್ಣನ ಮುಖ ನೋಡಿದೆ. ಅವನು ಪಂಜರದ ತಳದಲ್ಲಿ ಬಿದ್ದಿದ್ದ, ವೈನಿಯ ಹಕ್ಕಿಯ ಒಂದು ಕರಿ ಪುಕ್ಕವನ್ನು ಹೆಕ್ಕಿ, ಆಗಲೇ ಕದಡಿಟ್ಟಿದ್ದ ಸವಳು ನೀರಿನ ಬೋಗುಣಿಯಲ್ಲಿ ಅದ್ದಿ ಹಿಡಿದ. ನಮ್ಮಿಬ್ಬರ ಕಣ್ಣೆದುರಿಗೇ ಅದು ಮಾಸಿ, ಕಂದಿ, ಕೆಂಪಾಯಿತು.

"ಸವಳಿಗೆ ಯಾವ ಕರಿ ಪುಕ್ಕಾದ್ರೂ ಕೆಂಪಾಕ್ಕೈತಿ, ಕಾಶಿ" ಎಂದ. "ಬಣ್ಣ ಹೋಗಿದ್ದಲ್ಲ. ಪುಕ್ಕಾನ ಸುಟ್ಟಿದ್ದು."

ನಾನು ಅಲ್ಲೇ ಬಿದಿರ ರಾಶಿಯ ಮೇಲೆ ಕೂತೆ. ಹಾಗಾದರೆ ಹಿಂದೆ ಹೀಗೆ ತೊಳೆದು ಬೆರಕೆ ಎಂದು ಕರೆದ ಮನೆಗಳೆಷ್ಟು? ನಿಜವಾದ ಬೆರಕೆ ಮನೆಗಳಲ್ಲೂ ಹೆಣ್ಣಿಗೆ ಹೊಟ್ಟೆತುಂಬ ಹಾಲು ಕೊಟ್ಟು ನೋಡಿದವರು ಯಾರಾದರೂ ಇದ್ದಾರೆಯೇ? "ಈಗಿಂದೀಗ ವೈನಿಗೆ ಹೇಳೋಣ ನಡಿ" ಎಂದೆ.

ಅಣ್ಣ ನನ್ನ ತೋಳು ಹಿಡಿದುಕೊಂಡ. "ಏನಂತ ಹೇಳ್ತಿ? ಛಲೋ ಇದ್ದ ಮಗಳನ್ನ ಉಪವಾಸ ಕೊಂದಿ ಅಂತನಾ? ಆಕಿ ಬಾವಿ ನೋಡ್ಕೋತಾಳ. ಬ್ಯಾಡ. ನಾನ ಮೋಸಗಾರ ಇರತೀನಿ, ನನಗೇನೂ ಆಗೂದಿಲ್ಲ."

ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಕಡ್ಡಿಯ ತುದಿಗೆ ಅರಿವೆ ಸುತ್ತಿ, ಅವನು ತನ್ನ ಹಕ್ಕಿಯ ಕರಿ ತಲೆಗೆ ಕೆಂಪು ಬಣ್ಣ ಹಚ್ಚಿದ. ಯಾವ ಕೆಲಸ ಮಾಡದೆಯೇ ಹೆಸರು ಕೆಡಿಸಿಕೊಂಡಿದ್ದನೋ ಆ ಕೆಲಸವನ್ನು ಅಂದು ಮೊದಲ ಸಲ ಮಾಡಿದ. ಕೈ ಪಳಗಿರಲಿಲ್ಲ, ಹಕ್ಕಿಯ ಕೆನ್ನೆಗೂ ಬಳಿದ. ನಾನು ಒರೆಸಿ ಸರಿಮಾಡಿದೆ. ಬಣ್ಣ ಮಾಸಿದಾಗಲೆಲ್ಲ ಮತ್ತೆ ಹಚ್ಚುತ್ತಿದ್ದೆವು.

ದಿನ ಕಳೆದಂತೆ ವೈನಿ ಸ್ವಲ್ಪ ಮೆತ್ತಗಾದಳು. ಒಂದು ದಿನ ರೊಟ್ಟಿ ಬಡಿಸುತ್ತ ಅಣ್ಣನನ್ನು ಕೇಳಿದಳು. "ಒಂದ ಮಾತು ಖರೇ ಹೇಳ್ರಿ, ನಾ ಸಿಟ್ಟಾಗೂದಿಲ್ಲ. ನಾನ ಬೇಕಂತ ಹಚ್ಚಿದ್ರೇನು ಬಣ್ಣ?" ಅಣ್ಣ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಹೂಂ ಎಂದ. ವೈನಿ ಅತ್ತಳು. ಆದರೆ ಆ ಅಳುವಿನಲ್ಲಿ ಏನೋ ಸಡಿಲವಾಯಿತು. ತನಗಾಗಿ ಮಾಡಿದ ಮೋಸವನ್ನು ಹೆಣ್ಣು ಕ್ಷಮಿಸುತ್ತಾಳೆ. ಅಂದಿನಿಂದ ಅವನಿಗೆ ರೊಟ್ಟಿಯ ಜೊತೆ ಬೆಣ್ಣೆ ಹಾಕತೊಡಗಿದಳು. ಅಣ್ಣ ಆ ಬೆಣ್ಣೆಯನ್ನು ಹೇಗೆ ನುಂಗುತ್ತಿದ್ದನೋ.

ಮಳೆಗಾಲ ಮುಗಿಯುವ ಹೊತ್ತಿಗೆ ವೈನಿ ಮತ್ತೆ ಬಸುರಾದಳು. ಗಂಡಾಗಲಿ ಎಂದು ಕಂಡಕಂಡಲ್ಲಿ ಕೈಮುಗಿದಳು. ಹೊಟ್ಟೆ ಕಾಣಿಸಿಕೊಂಡ ಮೇಲೆ ಒಂದು ದಿನ ಅಟ್ಟದಿಂದ ಆ ಮೊರವನ್ನು ಇಳಿಸಿ ಸಗಣಿ ಸಾರಿಸಿ ಬಿಸಿಲಿಗಿಟ್ಟದ್ದನ್ನು ನಾನು ನೋಡಿದೆ. ಅಳುತ್ತಿರಲಿಲ್ಲ. ಮನೆಯ ಉಳಿದ ಕೆಲಸಗಳ ನಡುವೆ ಅದೂ ಒಂದೆಂಬಂತೆ ಮಾಡಿದಳು. ನಾನು ನೇರವಾಗಿ ಕೊಟ್ಟಿಗೆಗೆ ಹೋದೆ.

"ಅಣ್ಣಾ, ಹೆಣ್ಣ ಆದ್ರ ಮೊರಕ್ಕ ಹಾಕತಾಳ" ಎಂದೆ. "ಆಕೀನ ಉಳಸಾಕ ಹೋಗಿ ಇನ್ನೊಂದನ್ನ ಕೊಲ್ಲತೀ ನೀ."

ಅಣ್ಣ ಕೈಯಲ್ಲಿದ್ದ ಬಿದಿರು ಕೆಳಗಿಟ್ಟ. ಸೀಗೆಪುಡಿಯಲ್ಲಿ ಹಕ್ಕಿಯ ತಲೆಯ ಎಣ್ಣೆ ಕುಂಕುಮವನ್ನೆಲ್ಲ ತೊಳೆದು, ಪಂಜರವನ್ನು ಎತ್ತಿಕೊಂಡು ಹೋಗಿ ವೈನಿಯ ಮುಂದಿಟ್ಟ. ಎಲ್ಲವನ್ನೂ ಹೇಳಿದ. ಪುಕ್ಕ ಉದುರಿದ್ದು, ಕಪ್ಪು ಬಂದದ್ದು, ತಾನು ಕೆಂಪು ಹಚ್ಚಿದ್ದು. ಹೇಳುವಾಗ ಅವನ ದನಿ ನಡುಗುತ್ತಿತ್ತು, ಅದು ಕಳ್ಳನ ದನಿಯ ಹಾಗೇ ಕೇಳಿಸುತ್ತಿತ್ತು. ವೈನಿ ಕರಿ ತಲೆಯನ್ನು ನೋಡಿದಳು. ಅವನ ಬೆರಳಿಗಂಟಿದ ಕುಂಕುಮವನ್ನು ನೋಡಿದಳು.

"ಮೊದಲು ಹಚ್ಚಿಲ್ಲ ಅಂದ್ರಿ. ಆಮ್ಯಾಲ ಹಚ್ಚೀನಿ ಅಂದ್ರಿ. ಈಗ ಮತ್ತ ಹಚ್ಚಿಲ್ಲ ಅಂತೀರಿ" ಎಂದಳು. "ನಾ ಯಾವುದನ್ನ ನಂಬ್ಲಿ? ಕೂಸಿನ ಆಸೇಕ ಮತ್ತ ಕರೀದು ಬಳದೀರಿ. ನನಗ ಆಸೆ ಹಚ್ಚಬ್ಯಾಡ್ರಿ, ನಿಮ್ಮ ಕಾಲ ಬೀಳತೀನಿ. ಕಾಶವ್ವ, ಸವಳು ನೀರು ತಾ. ಇವರ ಮುಂದನ ತೊಳದು ತೋರಸ್ತೀನಿ."

ಅಣ್ಣ ನನ್ನ ಕಡೆ ನೋಡಿದ. ಸವಳು ಮುಟ್ಟಿದರೆ ಅದು ಕೆಂಪಾಗುತ್ತದೆ, ಬೇಡವೆಂದರೆ ಮೋಸ ಒಪ್ಪಿಕೊಂಡ ಹಾಗಾಗುತ್ತದೆ. ನಾನು ಸವಳು ಕದಡಿ, ತಿಳಿ ಬಸಿದು ತಂದು ಅವಳ ಮುಂದಿಟ್ಟೆ. ಅವಳು ಪಂಜರಕ್ಕೆ ಕೈಹಾಕುವ ಮೊದಲೇ ನಾನು ಬಾಗಿಲು ತೆರೆದು ಹಕ್ಕಿಯನ್ನು ಹಿಡಿದೆ. ಅಣ್ಣನದನ್ನಲ್ಲ, ಅವಳದನ್ನು. ಅವಳು ಹುಟ್ಟಿದ ದಿನ ಅವಳ ತವರಿನ ಕಿಟಕಿಗೆ ಬಂದ ಹಕ್ಕಿ. ಅದರ ಕರಿ ತಲೆಯನ್ನು ಅವಳ ತಾಯಿ ನೋಡಿದ್ದಳು, ಅವಳು ದಿನಾ ಕಾಳು ಹಾಕಿ ನೋಡಿದ್ದಳು. ಅದಕ್ಕೆ ಯಾರೂ ಎಂದೂ ಬಣ್ಣ ಮುಟ್ಟಿಸಿರಲಿಲ್ಲ.

"ಮೊದಲ ನಿಮ್ಮದನ್ನ ತೊಳೀರಿ ವೈನಿ" ಎಂದೆ.

"ನಂದನ್ನ್ಯಾಕ? ಇದು ಖರೇ ಕರೀದು."

"ಅದಕ್ಕ ಅಂದೆ. ತೊಳೀರಿ."

ಅವಳಿಗೆ ನನ್ನ ಹಟ ಅರ್ಥವಾಗಲಿಲ್ಲ. ಆದರೂ ಹಕ್ಕಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ಚಿಗವ್ವ ಮಾಡಿದ ಹಾಗೆಯೇ, ಬೆರಳು ಅದ್ದಿ ಅದರ ತಲೆಯನ್ನು ಮೆಲ್ಲಗೆ ತಿಕ್ಕಿದಳು. ಹಕ್ಕಿ ಅವಳ ಕೈಯ ಪರಿಚಯದಿಂದ ಸುಮ್ಮನಿತ್ತು. ಕಪ್ಪು ಮಾಸಲಾಯಿತು. ವೈನಿಯ ಬೆರಳು ನಿಂತಿತು. ಮತ್ತೆ ಅದ್ದಿ ತಿಕ್ಕಿದಳು. ಕಂದು ಬಂತು, ಅದರ ಹಿಂದೆ ಕೆಂಪು ಬಂತು. ಅವಳು ತನ್ನ ಬೆರಳನ್ನು ನೋಡಿಕೊಂಡಳು, ಅದರಲ್ಲಿ ಕಪ್ಪಿನ ಗುರುತೂ ಇರಲಿಲ್ಲ. ಬೋಗುಣಿಯ ನೀರನ್ನು ನೋಡಿದಳು, ಅದು ತಿಳಿಯಾಗಿಯೇ ಇತ್ತು. ಆಮೇಲೆ ಅವಳ ಬಲಗೈ ತಾನಾಗಿಯೇ ಎದೆಯ ಮೇಲೆ ಹೋಗಿ, ಅಂದು ಹಾಲು ಬತ್ತಲೆಂದು ಕಟ್ಟಿದ್ದ ಅರಿವೆಯನ್ನು ಹುಡುಕುವಂತೆ ತಡಕಾಡಿತು.

ಅಣ್ಣನ ಕಡೆ ತಿರುಗಿದಳು. "ಹಂಗಾದ್ರ ಅದು ಬದುಕತಿತ್ತು" ಎಂದಳು.

ಇಲ್ಲ ಎನ್ನು ಎಂದು ನಾನು ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡೆ. ಹೇಗೂ ಹೋಗುತ್ತಿತ್ತು, ಸಣಕಲು ಕೂಸು ಎನ್ನು. ಅಣ್ಣ ಅವಳ ಹೊಟ್ಟೆಯನ್ನು ನೋಡಿದ. ಅವಳ ಮುಖವನ್ನು ನೋಡಿದ.

"ಹೂಂ" ಎಂದ.